ಕಿವಿಯೊಳಗೆ ಕಥೆ, ಕಾಲಿಗೆ ದಾರಿ

ಸೊಲ್ಲಾಪುರ: ನಸುಕಿನಲ್ಲೆದ್ದು ಓಡುವ ಹುಡುಗರು ಈ ಭಾಗಕ್ಕೆ ಹೊಸಬರಲ್ಲ. ಅಕ್ಕಲಕೋಟೆ ಇರಲಿ, ಜತ್ತ ಇರಲಿ, ಪೊಲೀಸ್ ಭರತಿ, ಮಿಲಿಟರಿ ಭರತಿ ಸಮೀಪಿಸಿತೆಂದರೆ ಊರ ಹೊರಗಿನ ಡಾಂಬರು ದಾರಿಯಲ್ಲಿ ಓಟವೇ ಓಟ. 1600 ಮೀಟರ್ ಓಡಬೇಕು, ಅದೂ ಗಡಿಯಾರ ನೋಡಿ. ಹೇಳಿಕೊಡುವವರು ಎಲ್ಲ ಊರಲ್ಲೂ ಇರುವುದಿಲ್ಲ. ಆದರೆ ಅವರ ಕಿಸೆಯಲ್ಲಿರುವ ಮೊಬೈಲಿನಲ್ಲೇ ಒಂದು ಪುಕ್ಕಟೆ ಶಾಲೆ ಇದೆ. ಅದರ ಹೆಸರು ಪಾಡ್‌ಕಾಸ್ಟ್.

ಧಾರವಾಡ ಆಕಾಶವಾಣಿ ಕೇಳಿ ಬೆಳೆದ ಹಿರಿಯರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ರೇಡಿಯೋ ಮಾತೇ, ಆದರೆ ವೇಳೆಯ ಕಟ್ಟು ಇಲ್ಲ. ಹೊಲದಲ್ಲಿರಲಿ, ಬಸ್ಸಿನಲ್ಲಿರಲಿ, ಬೇಕಾದಾಗ ಹಚ್ಚಬಹುದು, ಸಾಕಾದಾಗ ನಿಲ್ಲಿಸಬಹುದು. ಈ ಪದ ಹುಟ್ಟಿದ್ದು 2004ರಲ್ಲಿ. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನ್ ಆಟದವರು ಇದನ್ನು ಬೇಗ ಅಪ್ಪಿಕೊಂಡರು. ಕಾರಣ ಸರಳ. ತಾಸುಗಟ್ಟಲೆ ಒಬ್ಬರೇ ತಾಲೀಮು ಮಾಡುವವರಿಗೆ ಜೊತೆಗೊಂದು ಮಾತು ಬೇಕು.

ದಾರಿ ಸವೆಸುವ ಮಾತು

ಇದು ನಮ್ಮ ಮಂದಿಗೆ ಗೊತ್ತಿಲ್ಲದ್ದೇನಲ್ಲ. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿ.ಮೀ. ನಡೆಯುವ ವಾರಕರಿಗಳು ಹಾಡುತ್ತಲೇ ದಾರಿ ಸವೆಸುತ್ತಾರೆ. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರದೂ ಅದೇ ರೀತಿ. ಹಿಂದಿನ ವರ್ಷ ಯಾರ ಕಾಲಿಗೆ ಬೊಬ್ಬೆ ಬಂತು, ಯಾರು ಅರ್ಧ ದಾರಿಗೆ ಕುಂತರು, ಮತ್ತೆ ಹೆಂಗೆ ಎದ್ದರು ಎಂಬ ಮಾತು ಕೇಳುತ್ತ ಹೊಸಬರು ಕಲಿಯುತ್ತಾರೆ. ಪಾಡ್‌ಕಾಸ್ಟ್ ಮಾಡುವುದೂ ಇಷ್ಟೇ. ಗೆದ್ದವರ ಜೊತೆಗೆ ಸೋತವರನ್ನೂ ಕೂರಿಸಿ ಮಾತಾಡಿಸುತ್ತದೆ.

ಪದೇ ಪದೇ ಹೇಳುವ ಕಥೆ ಹವಾಯಿ ದ್ವೀಪದ್ದು. ಓಟಗಾರ ಗಟ್ಟಿಯೋ, ಈಜುಗಾರ ಗಟ್ಟಿಯೋ ಎಂಬ ವಾದಕ್ಕೆ ಅಮೆರಿಕದ ನೌಕಾಪಡೆಯ ಜಾನ್ ಕಾಲಿನ್ಸ್ ಒಂದು ಉತ್ತರ ಹುಡುಕಿದರು. ಮೂರೂ ಆಟ ಒಂದೇ ದಿನ ಆಡೋಣ ಅಂದರು. 1978ರ ಫೆಬ್ರುವರಿಯಲ್ಲಿ 15 ಮಂದಿ ಹೊರಟರು, 12 ಮಂದಿ ಮುಟ್ಟಿದರು. ಮುಂದಿದ್ದ ಜಾನ್ ಡನ್‌ಬಾರ್ ಅವರ ಜೊತೆಗಾರರ ಹತ್ತಿರ ನೀರು ಖಾಲಿಯಾಗಿ ಬಿಯರ್ ಕೊಟ್ಟರಂತೆ! ಗೆದ್ದವರು ಗಾರ್ಡನ್ ಹ್ಯಾಲರ್. ಅದೇ ಐರನ್‌ಮ್ಯಾನ್. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಸಾಮಾನ್ಯವಾಗಿ 17 ತಾಸಿನೊಳಗೆ ಮುಗಿಸಬೇಕು.

ಇನ್ನೊಂದು ಕಥೆ ಜೂಲಿ ಮಾಸ್ ಅವರದು. 1982ರಲ್ಲಿ ಈ ಕಾಲೇಜು ಹುಡುಗಿ ಮಹಿಳೆಯರ ಪೈಕಿ ಮೊದಲಿದ್ದರು. ಗುರಿಗೆ ಕೆಲವೇ ಹೆಜ್ಜೆ ಇರುವಾಗ ಕಾಲು ಸೋತು ಬಿದ್ದರು. ಹಿಂದಿದ್ದ ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿ ಹೋದರು. ಜೂಲಿ ಅಂಬೆಗಾಲಿಟ್ಟು ಗೆರೆ ಮುಟ್ಟಿದರು. ಎರಡನೇ ಸ್ಥಾನ. ಟಿ.ವಿ.ಯಲ್ಲಿ ಅದನ್ನು ಕಂಡವರು ಆಟಕ್ಕೆ ಬಂದದ್ದೇ ಹೆಚ್ಚು.

ನ್ಯೂಜಿಲೆಂಡಿನ ಜಾನ್ ನ್ಯೂಸಮ್, ಬೆವನ್ ಜೇಮ್ಸ್ ಐಲ್ಸ್ ನಡೆಸಿದ 'ಐಎಂ ಟಾಕ್' ಈ ಆಟದ ಹಳೆಯ ಪಾಡ್‌ಕಾಸ್ಟುಗಳಲ್ಲೊಂದು. ಅಮೆರಿಕದ ರಿಚ್ ರೋಲ್ 2012ರಿಂದ ನಡೆಸುತ್ತಿರುವುದು ಇನ್ನೂ ದೊಡ್ಡ ಹೆಸರು. ವಕೀಲರಾಗಿದ್ದ ಅವರು ಕುಡಿತ ಬಿಟ್ಟು, ನಲವತ್ತರ ಹೊತ್ತಿಗೆ ದೇಹ ಬದಲಿಸಿಕೊಂಡು, ದೀರ್ಘ ದೂರದ ಆಟಕ್ಕಿಳಿದವರು. ವಯಸ್ಸಾಯಿತು ಅನ್ನುವವರು ಕೇಳಬೇಕಾದ ಮಾತು.

ಭರತಿ ಹುಡುಗರಿಗೆ ಏನು ಲಾಭ?

ನಮ್ಮ ಹುಡುಗರು ಮಾಡುವ ತಪ್ಪು ಒಂದೇ: ದಿನಾ ಜೀವ ಬಿಟ್ಟು ಓಡುವುದು. ಮೊಣಕಾಲು, ಮುಂಗಾಲ ಎಲುಬು ನೋಯತೊಡಗಿದಾಗ ಭರತಿಯ ದಿನ ಹತ್ತಿರ ಬಂದಿರುತ್ತದೆ. ಒಂದು ನೋವಿಗೆ ಒಂದು ವರ್ಷ ಹೋಗುತ್ತದೆ, ವಯಸ್ಸಿನ ಮಿತಿ ಕಾಯುವುದಿಲ್ಲ. ದೊಡ್ಡ ಆಟಗಾರರು ಹೇಳುವುದು ಬೇರೆ. ವಿಜ್ಞಾನಿ ಸ್ಟೀಫನ್ ಸೈಲರ್ ಅವರ ಅಧ್ಯಯನದ ಪ್ರಕಾರ ಅವರ ತಾಲೀಮಿನಲ್ಲಿ ನೂರಕ್ಕೆ 80ರಷ್ಟು ಸಾವಕಾಶದ್ದು, ಉಳಿದದ್ದಷ್ಟೇ ಜೋರಿನದು. ಸಾವಕಾಶ ಅಂದರೆ ಎಷ್ಟು? ಓಡುತ್ತಲೇ ಜೊತೆಯವನೊಡನೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ದಮ್ಮು ಹತ್ತಿದರೆ ಜಾಸ್ತಿ ಆಯ್ತು ಅಂತ ತಿಳಿಯಬೇಕು.

ನೀರಿನ ಪಾಠವೂ ಇದೆ. ಬೇಸಿಗೆಯಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರು ಬೇಕೇ ಬೇಕು. ಹಾಗಂತ ಬಾಯಾರಿಕೆ ಮೀರಿ ಬರೀ ನೀರು ಕುಡಿಯುವುದೂ ಅಪಾಯ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಯ ರಕ್ತದಲ್ಲಿ ಸೋಡಿಯಂ ಇಳಿದಿತ್ತು. ಓಟದಲ್ಲಿ ಅತಿಯಾಗಿ ಕುಡಿದು ತೂಕ ಏರಿದವರಲ್ಲಿ ಇದು ಹೆಚ್ಚು ಕಂಡಿತು.

ಗೋವಾ ದೂರವಿಲ್ಲ

ಇದೆಲ್ಲ ಪರದೇಶದ ಆಟ ಅಂದುಕೊಳ್ಳುವ ಕಾಲವೂ ಹೋಯಿತು. ಮಿಲಿಂದ್ ಸೋಮನ್ 50 ತುಂಬುವ ಹೊತ್ತಿಗೆ, 2015ರಲ್ಲಿ, ಜೂರಿಕ್‌ನ ಐರನ್‌ಮ್ಯಾನ್ ಮುಗಿಸಿದರು. 2019ರ ಅಕ್ಟೋಬರಿನಲ್ಲಿ ಐರನ್‌ಮ್ಯಾನ್ 70.3 ಗೋವಾಕ್ಕೆ ಬಂತು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಅಂದರೆ ಪೂರ್ತಿ ಐರನ್‌ಮ್ಯಾನಿನ ಅರ್ಧ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಇಲ್ಲೇ ಮುಗಿಸಿದರು. ಪ್ರವೇಶ ಶುಲ್ಕ, ಸೈಕಲ್ ಖರ್ಚು ನೋಡಿದರೆ ಬಡವರ ಆಟವಲ್ಲ ನಿಜ. ಕೇಳುವುದಕ್ಕೆ ಮಾತ್ರ ಖರ್ಚಿಲ್ಲ.

ಅಡ್ಡಿ ಇರುವುದು ಭಾಷೆಯದು. ಈ ಆಟದ ಮಾತು ಬಹುಪಾಲು ಇಂಗ್ಲಿಷಿನಲ್ಲಿದೆ. ಮರಾಠಿ ಶಾಲೆಗೆ ಹೋಗಿ, ಮನೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೆ ಮೊದಲು ತುಸು ತೊಡಕಾದೀತು. ವೇಗ ಕಡಿಮೆ ಮಾಡಿ, ಒಂದೇ ಕಂತನ್ನು ಎರಡು ಸಲ ಕೇಳಿದರೆ ಕಿವಿ ಪಳಗುತ್ತದೆ. ಕೇಳಿದ್ದನ್ನು ರಾತ್ರಿ ಊಟದ ಹೊತ್ತಿಗೆ ಅಜ್ಜನಿಗೆ ಕನ್ನಡದಲ್ಲಿ ಹೇಳಿದರೆ ಎರಡೂ ಭಾಷೆ ಬೆಳೆಯುತ್ತವೆ. ಪಾದಯಾತ್ರೆ ಮಾಡಿದ ಅಜ್ಜನಾದರೆ ಅವನ ಕಡೆಯಿಂದಲೂ ಎರಡು ಕಥೆ ಬಂದಾವು.

ಕೇಳುವವರಿಗೆ ಸೂಚನೆ

* ಹೆದ್ದಾರಿ ಬದಿ ಓಡುವಾಗ, ಸೈಕಲ್ ಹೊಡೆಯುವಾಗ ಕಿವಿಗೆ ಏನೂ ಹಚ್ಚಬೇಡಿ. ಹಿಂದಿನ ಲಾರಿ ಸದ್ದು ಕೇಳಲೇಬೇಕು.
* ಐರನ್‌ಮ್ಯಾನ್ ಸ್ಪರ್ಧೆಗಳಲ್ಲೂ ಇಯರ್‌ಫೋನ್‌ಗೆ ಅವಕಾಶವಿಲ್ಲ.
* ಮನೆ ಕೆಲಸ, ಬಸ್ ಪ್ರಯಾಣ, ಮೈದಾನದೊಳಗಿನ ನಡಿಗೆ ಕೇಳಲು ತಕ್ಕ ಹೊತ್ತು.
* ಜಾಹೀರಾತಿನ ಪುಡಿ, ಗುಳಿಗೆ ನಂಬಿ ಹಣ ಹಾಕಬೇಡಿ. ಎದೆನೋವು, ತಲೆಸುತ್ತು ಬಂದರೆ ಓಟ ನಿಲ್ಲಿಸಿ, ಮೊದಲು ಡಾಕ್ಟರರನ್ನು ಕಾಣಿ.