ಕೋಣೆಯೂ ಒಂದು ವಾದ್ಯ

ಸ್ಪೀಕರಿನೊಳಗೆ ಇರುವುದು ಕಾಗದದ್ದೋ ಪ್ಲಾಸ್ಟಿಕ್ಕಿನದೋ ಒಂದು ಶಂಕು, ಅದರ ಬುಡಕ್ಕೆ ಅಂಟಿಸಿದ ತಂತಿಯ ಸುರುಳಿ ಮತ್ತು ಒಂದು ಆಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆ ಶಂಕು ಹಿಂದೆ ಮುಂದೆ ಆಡಿ ಗಾಳಿಯನ್ನು ಅಲುಗಿಸುತ್ತದೆ. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ 1925ರಲ್ಲಿ ಪ್ರಕಟಿಸಿದ ಈ ರಚನೆ ಮೂಲದಲ್ಲಿ ಇಂದಿಗೂ ಅದೇ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಅಲ್ಲಿಂದ ಕಿವಿಯವರೆಗಿನ ದಾರಿ ಕೋಣೆಗೆ ಸೇರಿದ್ದು; ಮನೆಯ ಸಂಗೀತ ಕೆಡುವುದು ಹೆಚ್ಚಾಗಿ ಆ ದಾರಿಯಲ್ಲೇ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಸ್ ಸ್ವರದ ಅರ್ಧ ಅಲೆ ಗೋಡೆಯಿಂದ ಗೋಡೆಗೆ ಅಳತೆ ಮಾಡಿದಂತೆ ಕೂರುತ್ತದೆ. ಆಗ ಗೋಡೆಗೊರಗಿ ಕೂತವರಿಗೆ ಆ ಸ್ವರ ಗುಮ್ಮೆನ್ನುತ್ತದೆ, ಕೋಣೆಯ ನಟ್ಟನಡುವೆ ಕೂತವರಿಗೆ ಕೇಳುವುದೇ ಕಷ್ಟ. ಸ್ಪೀಕರ್ ಇಟ್ಟ ಜಾಗವೂ ಹೀಗೆಯೇ ಆಟವಾಡುತ್ತದೆ. ಹಿಂಗೋಡೆಗೆ ಒಂದು ಮೀಟರ್ ದೂರದಲ್ಲಿಟ್ಟರೆ ಗೋಡೆಗೆ ಬಡಿದು ಮರಳಿದ ಅಲೆ 86 ಹರ್ಟ್ಸ್ ಆಸುಪಾಸಿನ ಸ್ವರವನ್ನು ನುಂಗುತ್ತದೆ. ಮೂಲೆಗೆ ತಳ್ಳಿದರೆ ಮಂದ್ರವೆಲ್ಲ ಉಬ್ಬಿ, ತಬಲಾದ ಡಗ್ಗ ಡೊಳ್ಳಾಗುತ್ತದೆ.

ಇನ್ನೊಂದು ಕಾಟ ಅನುರಣನದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಮೊಳಗುತ್ತಿತ್ತು. 1895ರಲ್ಲಿ ಅಲ್ಲಿನ ಭೌತವಿಜ್ಞಾನ ಅಧ್ಯಾಪಕ ವಾಲೇಸ್ ಸಬೀನ್ ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊತ್ತು ತಂದು ಜೋಡಿಸಿ, ಮೊಳಗು ಎಷ್ಟು ತಗ್ಗಿತೆಂದು ಅಳೆದ. ಟೈಲ್ಸ್ ನೆಲ, ಗಾಜಿನ ಕಿಟಕಿಗಳ ಇಂದಿನ ಹಜಾರಕ್ಕೂ ಮದ್ದು ಅದೇ: ಜಮಖಾನ, ಸೋಫಾ, ದಪ್ಪ ಪರದೆ. ಆದರೆ ಪರದೆ ಪಳಗಿಸುವುದು ತಾರಸ್ವರಗಳನ್ನು ಮಾತ್ರ. ಮಂದ್ರದ ಉದ್ದನೆಯ ಅಲೆಗಳಿಗೆ ಅದು ಲೆಕ್ಕಕ್ಕಿಲ್ಲ.

ಎರಡು ಸ್ಪೀಕರ್ ಮತ್ತು ಕೇಳುಗ ಸಮಭುಜ ತ್ರಿಕೋನದ ಮೂರು ತುದಿಗಳಲ್ಲಿದ್ದು, ಪೆಟ್ಟಿಗೆಯೊಳಗೆ ತಾರಸ್ವರ ನುಡಿಸುವ ಚಿಕ್ಕ ಶಂಕು ಕಿವಿಯ ಎತ್ತರಕ್ಕಿದ್ದರೆ ಗಾಯಕಿ ನಡುವೆ ನಿಂತು ಹಾಡಿದಂತಿರುತ್ತದೆ. ಒಂದು ಸ್ಪೀಕರಿನ ಕೆಂಪು-ಕಪ್ಪು ತಂತಿಗಳು ಅದಲುಬದಲಾದರೆ ಆಕೆ ಕೋಣೆಯೆಲ್ಲ ಚದುರುತ್ತಾಳೆ, ಮಂದ್ರವೂ ಸೊರಗುತ್ತದೆ. ದುಬಾರಿ ತಂತಿ ಬೇಕಿಲ್ಲ. ಸಾಕಷ್ಟು ದಪ್ಪದ ಸಾಮಾನ್ಯ ತಾಮ್ರದ ತಂತಿ ಸಾಲುತ್ತದೆ.

ಇಷ್ಟಕ್ಕೆ ಬೇಕಾದ ಜ್ಞಾನ ಅಲ್ಪ, ಉಪಕರಣ ಅಳತೆ ಟೇಪು. ಈಚಿನ ಹಲವು ಆಂಪ್ಲಿಫೈಯರುಗಳು ಮೈಕ್ ಇಟ್ಟು ಕೋಣೆಯನ್ನು ತಾವೇ ಅಳೆದು, ಉಬ್ಬಿದ ಸ್ವರಗಳನ್ನು ತಗ್ಗಿಸುತ್ತವೆ. ಗೋಡೆ ನುಂಗಿದ ಸ್ವರವನ್ನು ಮರಳಿ ತರುವುದು ಅವುಗಳಿಂದಲೂ ಆಗದು. ಅದಕ್ಕೆ ಸ್ಪೀಕರನ್ನೋ ಕುರ್ಚಿಯನ್ನೋ ಸರಿಸಲೇಬೇಕು.