ಮಡ್ಡಿಯಲ್ಲಿ ಹುಲ್ಲು, ಒಡ್ಡಿನ ಮೇಲೆ ಹೂವು



ಕಬ್ಬು ನುರಿಸುವ ಹಂಗಾಮು ಮುಗಿದೊಡನೆ ದನಗಳಿಗೆ ಹಸಿ ಸೋಗೆ ನಿಲ್ಲುತ್ತದೆ. ಆಗ ಎಲ್ಲರ ಕಣ್ಣೂ ಮಡ್ಡಿ, ಗಾಯರಾಣಗಳ ಕಡೆಗೆ. ಆದರೆ ಅನೇಕ ಊರುಗಳಲ್ಲಿ ಅಲ್ಲಿ ಉಳಿದಿರುವುದು ಕಾಂಗ್ರೆಸ್ ಕಸ. ಹುಲ್ಲಿನೊಡನೆ ತುಂಬೆ, ವಿಷ್ಣುಕ್ರಾಂತಿಯಂಥ ಹೂಗಳೂ ಕಡಿಮೆಯಾಗಿವೆ. ಇದು ಬರೀ ಅಂದದ ಮಾತಲ್ಲ. ದಾಳಿಂಬೆ, ಸೂರ್ಯಕಾಂತಿಗಳ ಪರಾಗಸ್ಪರ್ಶ ಮಾಡುವ ಜೇನುಹುಳುಗಳಿಗೆ ವರ್ಷವಿಡೀ ಹೂವು ಬೇಕು. ಕಬ್ಬಿನ ಕಾಂಡಕೊರಕದ ತತ್ತಿಗಳನ್ನು ನಾಶಮಾಡುವ ಟ್ರೈಕೊಗ್ರಾಮ ಕಣಜಕ್ಕೂ ಮಕರಂದವೇ ಆಹಾರ.

ನೆಲ ಕೆಟ್ಟದ್ದೇಕೆ? ದನ-ಕುರಿಗಳು ರುಚಿಯಾದ ಹುಲ್ಲನ್ನು ತೆನೆ ಬರುವ ಮೊದಲೇ ಮೇಯುತ್ತವೆ. ಬೀಜ ಬೀಳುವುದಿಲ್ಲ, ಬೇರು ಸೊರಗುತ್ತದೆ. ಬಾಯಿಗೆ ರುಚಿಸದ ಕಸ ಮಾತ್ರ ಬೀಜ ಉದುರಿಸಿ ಹಬ್ಬುತ್ತದೆ. ಇದಕ್ಕೆ ಮದ್ದು ವಿಶ್ರಾಂತಿ. ನೇಗಿಲು ಹೊಡೆಯುವುದಾಗಲಿ ಯೂರಿಯಾ ಹಾಕುವುದಾಗಲಿ ಬೇಡ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ಇಂದಿಗೂ ನಡೆದಿರುವ ಹುಲ್ಲುಗಾವಲಿನ ಪ್ರಯೋಗವನ್ನು ನೋಡಿರಿ. ಸಾರಜನಕ ಹೆಚ್ಚಾಗಿ ಹಾಕಿದ ತಾಕುಗಳಲ್ಲಿ ಕೆಲವೇ ಹುಲ್ಲುಗಳು ಎತ್ತರ ಬೆಳೆದು ಸಣ್ಣ ಹೂಗಿಡಗಳನ್ನು ಅಡಗಿಸಿವೆ. ಏನನ್ನೂ ಹಾಕದ ತಾಕುಗಳಲ್ಲಿಯೇ ಸಸ್ಯಜಾತಿಗಳು ಹೆಚ್ಚು.

ವಿಶ್ರಾಂತಿ ಕೊಡುವುದು ಒಬ್ಬರ ಕೈಯಲ್ಲಿಲ್ಲ. ಅಹ್ಮದನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರ್ ಗ್ರಾಮಸ್ಥರು 1990ರ ದಶಕದಲ್ಲಿ ಕೂಡಿ ಚರಾಯಿಬಂದಿ, ಕೊಡಲಿಬಂದಿಗಳನ್ನು ಒಪ್ಪಿಕೊಂಡರು. ದನ ಬಿಡುವ ಬದಲು ಹುಲ್ಲು ಕೊಯ್ದು ತಂದರು. ಮೇವು ಹೆಚ್ಚಿತು, ಊರಿನ ಹಾಲೂ ಹೆಚ್ಚಿತು.

ತಾವು ಹೀಗೆ ಮಾಡಬಹುದು:

1. ಗಾಯರಾಣವನ್ನು ಮೂರು ಪಾಲು ಮಾಡಿ, ಒಂದನ್ನು ಮೊದಲ ಮಳೆಯಿಂದ ಬೀಜ ಉದುರುವವರೆಗೆ ಮುಚ್ಚಿರಿ. ಉಳಿದೆರಡು ಪಾಲು ಕುರಿಗಾರರಿಗೂ ಹೊಲವಿಲ್ಲದವರಿಗೂ ತೆರೆದಿರಲಿ. ಎರಡು ವರ್ಷಕ್ಕೊಮ್ಮೆ ಪಾಲು ಬದಲಿಸಿರಿ.

2. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಿರಿ. ಅದು ಮೈಗೆ ತುರಿಕೆ ತರುವುದರಿಂದ ಕೈಚೀಲ ಧರಿಸಿರಿ.

3. ಬೀಜ ಉದುರಿದ ಮೇಲೆ ಹುಲ್ಲು ಕೊಯ್ದು ಬೇಸಿಗೆಗೆ ಬಣವೆ ಒಟ್ಟಿರಿ. ತಡವಾಗಿ ಕೊಯ್ದ ಹುಲ್ಲಿನಲ್ಲಿ ಸತ್ವ ಕಡಿಮೆ, ನಿಜ. ಆದರೆ ಮುಂದಿನ ವರ್ಷದ ಹುಲ್ಲು ಆ ಬೀಜದಲ್ಲಿದೆ. ಬೋಳು ಜಾಗಕ್ಕೆ ಸುತ್ತಲಿನ ಹುಲ್ಲು-ಹೂಗಳ ಬೀಜವನ್ನೇ ಚೆಲ್ಲಿರಿ.

4. ಸ್ವಂತ ಹೊಲದ ಒಡ್ಡಿನ ಮೇಲೆ ಕಳೆನಾಶಕ ಹೊಡೆಯಬೇಡಿರಿ. ರವದಿಗೆ ಬೆಂಕಿ ಹಚ್ಚಿದರೆ ಒಡ್ಡಿನ ಬೀಜವೂ ಸುಡುತ್ತದೆ ಎಂಬುದನ್ನು ಮರೆಯಬೇಡಿರಿ.

ಮೃಗಶಿರಾ ಮಳೆಗೆ ಮೊದಲೇ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿರಿ. ಯಾವ ಪಾಲು ಮುಚ್ಚಬೇಕೆಂಬುದನ್ನು ಕುರಿಗಾರರನ್ನೂ ಕೂಡಿಸಿಕೊಂಡು ನಿರ್ಧರಿಸಿರಿ. ಅವರನ್ನು ಬಿಟ್ಟು ಹಾಕಿದ ಬೇಲಿ ಒಂದು ಮಳೆಗಾಲವೂ ನಿಲ್ಲದು.

— ಕಬ್ಬು ಅಭಿವೃದ್ಧಿ ಅಧಿಕಾರಿ