ಕಿತ್ತೂರಿನ ಎಕ್ಸ್‌ಚೇಂಜು, ಲಕ್ಷ ಸರ್ವರುಗಳ ಜಾಲ

ನಮ್ಮ ಭಾಗದ ತಂಬೂರಿನಿಂದ ಹೊರಟು ಕಲಘಟಗಿ, ಧಾರವಾಡ ದಾಟಿ ಬೆಳಗಾವಿ ರಸ್ತೆ ಹಿಡಿದರೆ ಕಿತ್ತೂರು ಸಿಗುತ್ತದೆ. 1986ರ ಜುಲೈನಲ್ಲಿ ಚೆನ್ನಮ್ಮನ ಈ ಊರಿಗೆ 128 ಪೋರ್ಟುಗಳ ಟೆಲಿಫೋನ್ ಎಕ್ಸ್‌ಚೇಂಜ್ ಬಂತು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜುಗಳಲ್ಲಿ ಮೊದಲನೆಯದು ಅದು.

ಲೈನುಗಳು ಹೆಚ್ಚುತ್ತಲೇ ಹೋದಾಗ ಯಾರು ಬೇಕಾದರೂ ಯಾರಿಗೆ ಬೇಕಾದರೂ ತಡೆಯಿಲ್ಲದೆ ಸಿಗುವಂತೆ ಮಾಡುವುದು ಹೇಗೆ? ಟೆಲಿಫೋನಿನವರ ಈ ಹಳೆಯ ತಲೆನೋವೇ ಇಂದು ಡೇಟಾ ಸೆಂಟರ್ ಕಟ್ಟುವವರದ್ದೂ ಆಗಿದೆ.

ಇದಕ್ಕೆ ಲೆಕ್ಕದ ಉತ್ತರ ಕೊಟ್ಟವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋಸ್, 1953ರಲ್ಲಿ. ನೂರು ಲೈನುಗಳನ್ನು ನೂರು ಲೈನುಗಳಿಗೆ ನೇರವಾಗಿ ಜೋಡಿಸಲು 10,000 ಸಂಧಿಗಳು ಬೇಕು. ಕ್ಲೋಸ್ ಹತ್ತತ್ತು ಲೈನಿಗೆ ಒಂದೊಂದು ಸಣ್ಣ ಸ್ವಿಚ್ ಇಟ್ಟು, ನಡುವೆ ಇನ್ನೊಂದು ಸಾಲು ಸ್ವಿಚ್ ಕೂರಿಸಿದರು. ನಡುವಿನ ಸಾಲಿಗೆ ಎಷ್ಟು ಬೇಕು? ನನ್ನ ಗುಂಪಿನ ಉಳಿದ 9 ಮಂದಿ ಮಾತಿನಲ್ಲಿದ್ದರೆ ನಡುವಿನ 9 ಸ್ವಿಚ್ ನನಗೆ ಸಿಗುವುದಿಲ್ಲ. ನಾನು ಕರೆಯುವವನ ಗುಂಪಿನ 9 ಮಂದಿ ಬೇರೆಯೇ 9 ಸ್ವಿಚ್ ಹಿಡಿದಿರಬಹುದು. ಹತ್ತೊಂಬತ್ತನೆಯದು ಇದ್ದರೆ ನನ್ನ ಕರೆ ಹೋಗಿಯೇ ಹೋಗುತ್ತದೆ. ಒಟ್ಟು ಸಂಧಿಗಳು 5,700. ಲೈನುಗಳು ಹೆಚ್ಚಿದಷ್ಟೂ ಉಳಿತಾಯ ಹೆಚ್ಚು. ಇಷ್ಟು ಸರಳವಾದ ತರ್ಕ ಇಷ್ಟು ದೂರ ನಡೆದದ್ದು ನನಗೆ ಇಂದಿಗೂ ಬೆರಗು.

ಮತ್ತೆ ಕಿತ್ತೂರಿನ ಕತೆಗೆ ಬಂದರೆ, ಸಿ-ಡಾಟ್ ಹುಟ್ಟಿದ್ದು 1984ರ ಆಗಸ್ಟ್‌ನಲ್ಲಿ. ಅದರ ಮುಂದಾಳು ಸ್ಯಾಮ್ ಪಿತ್ರೋಡಾ ಕೊಟ್ಟ ಮಾತು: ಕೆಲಸಕ್ಕೆ 36 ತಿಂಗಳು, 36 ಕೋಟಿ ರೂಪಾಯಿ. ಹಳ್ಳಿಯ ಧೂಳು, ಬಿಸಿಲು ತಡೆದುಕೊಂಡು ಎ.ಸಿ. ಇಲ್ಲದೆಯೇ ನಡೆಯುವ ಯಂತ್ರ ಬೇಕಿತ್ತು. ಅವರ ವಿಧಾನ ಕ್ಲೋಸ್ ಲೆಕ್ಕದ ನಕಲಲ್ಲ: ಮಾತನ್ನು ಸೆಕೆಂಡಿಗೆ 8,000 ತುಣುಕು ಮಾಡಿ, ಒಂದೇ ತಂತಿಯಲ್ಲಿ ಸರದಿಯ ಮೇಲೆ ಕಳಿಸುವುದು. ಆದರೆ ಬೆಳೆಸುವ ದಾರಿ ಅದೇ. ಸಣ್ಣ ಘಟಕ ಮೊದಲು. ಅಂಥವನ್ನೇ ಕೂಡಿಸುತ್ತ ನಗರದ ಸಾವಿರಾರು ಲೈನುಗಳ ಎಕ್ಸ್‌ಚೇಂಜ್ ಆಮೇಲೆ.

ಡೇಟಾ ಸೆಂಟರಿನವರು ಈ ದಾರಿಗೆ ತಡವಾಗಿ ಬಂದರು. ಅವರ ಜಾಲ ಮೊದಲು ಮರದಂತಿತ್ತು, ಮೇಲೆ ಹೋದಷ್ಟೂ ದುಬಾರಿ ಸ್ವಿಚ್. ಎಲ್ಲ ದಟ್ಟಣೆ ಅಲ್ಲೇ. 2008ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೊಹಮ್ಮದ್ ಅಲ್-ಫಾರೆಸ್, ಅಲೆಕ್ಸಾಂಡರ್ ಲೂಕಿಸಾಸ್, ಅಮೀನ್ ವಾಹದತ್ ಕ್ಲೋಸ್ ಅವರ ಹಾದಿಗೆ, ಚಾರ್ಲ್ಸ್ ಲೈಸರ್ಸನ್ 1985ರಲ್ಲಿ ವಿವರಿಸಿದ್ದ ಫ್ಯಾಟ್ ಟ್ರೀಗೆ (ಮೇಲೆ ಹೋದಷ್ಟೂ ದಾರಿ ಅಗಲವಾಗುವ ಮರದಂಥ ಜಾಲಕ್ಕೆ) ಮರಳಿದರು. ಅಂಗಡಿಯಲ್ಲಿ ಸಿಗುವ 48 ಪೋರ್ಟಿನ ಒಂದೇ ನಮೂನೆಯ ಸ್ವಿಚ್‌ಗಳಿಂದ 27,648 ಸರ್ವರುಗಳನ್ನು ಪೂರ್ಣ ವೇಗದಲ್ಲಿ ಜೋಡಿಸಬಹುದೆಂದು ತೋರಿಸಿದರು. ಒಂದು ಸ್ವಿಚ್ ಕೆಟ್ಟರೆ ಮಾಹಿತಿ ಪಕ್ಕದ ದಾರಿ ಹಿಡಿಯುತ್ತದೆ. ಗೂಗಲ್ ತನ್ನ ಡೇಟಾ ಸೆಂಟರುಗಳಲ್ಲೂ ಇದೇ ಬಗೆಯ ಜಾಲ ಕಟ್ಟಿದ್ದನ್ನು 2015ರಲ್ಲಿ ವಿವರವಾಗಿ ಪ್ರಕಟಿಸಿತು.

ನಮ್ಮ ಭಾಗದ ಮಾಸ್ತರರಲ್ಲಿ ಒಂದು ಮಾತು: ಮಕ್ಕಳನ್ನು ಕಿತ್ತೂರಿನ ಕೋಟೆಗೆ ಕರೆದುಕೊಂಡು ಹೋದಾಗ 1986ರ ಆ ಎಕ್ಸ್‌ಚೇಂಜಿನ ಕತೆಯನ್ನೂ ಹೇಳಿ. ಹತ್ತೊಂಬತ್ತರ ಲೆಕ್ಕವನ್ನು ನೆಲದ ಮೇಲೆ ಬರೆದು ಅವರಿಂದಲೇ ಮಾಡಿಸಿ.